ಬರಿ ತಂತಿ

ಕೂತುಕೊಳ್ಳಿ ಗುಮಾಸ್ತರೇ. ಆ ಕುರ್ಚಿಗೆ ಒಂದು ಕಾಲು ಕುಂಟು,
ಗೋಡೆಗೆ ಒರಗಿಸಿಕೊಳ್ಳಿ.
ಹೊಸ ರಾಜ್ಯ, ಹೊಸ ಮೊಹರು, ಕಂಡೆ.
ಸತ್ತ ವೆಂಡಲಿನ್ ಟ್ರೌಟ್ಸ್, ಆಸ್ಥಾನದ ಪಿಟೀಲುಗಾರ,
ಬರೆದದ್ದೇನು, ಎಷ್ಟು, ಯಾವುದಕ್ಕೆ ಏನು ಬೆಲೆ
ಮಗಳು ವಾಲ್‌ಬುರ್ಗಾ ಹೇಳಬೇಕು,
ನೀವು ಗೀಚಿಕೊಳ್ಳಬೇಕು.

ಬರೆದುಕೊಳ್ಳಿ. ಸಿಂಫನಿ ಇಪ್ಪತ್ತೆರಡು.
ಅಲ್ಲ, ಇಪ್ಪತ್ತೊಂದು. ಒಂದನ್ನು ಇಲಿ ಮುಗಿಸಿತು,
ನಿಧಾನದ ಭಾಗದಿಂದ ಶುರುಮಾಡಿ.

ಯಾಗ್ಸ್ಟ್ ಹೊಳೆಯ ದಂಡೆಯಲ್ಲಿ
ಬಿಯರ್ ಕಾಸುವವನ ಏಳನೆಯ ಮಗ.
ಲಾಯದ ಕಹಳೆಯವನ ಹತ್ತಿರ ಸ್ವರ ಕಲಿತ;
ಅದಕ್ಕೇ ನಿನ್ನ ಅಲೆಗ್ರೋಗಳಿಗೆ ಕುದುರೆ ಬೆವರಿನ ವಾಸನೆ
ಅಂತ ಅಮ್ಮ ಚುಚ್ಚುತ್ತಿದ್ದಳು.

ಒಮ್ಮೆ ಮಾನ್‌ಹೈಮಿಗೆ ನಡೆದೇ ಹೋದ, ನಾಲ್ಕು ಹಗಲು.
ಅಲ್ಲಿ ಐವತ್ತು ಜನ ಒಟ್ಟಿಗೆ ಸದ್ದನ್ನು
ಹಾಲು ಉಕ್ಕಿದ ಹಾಗೆ ಉಕ್ಕಿಸುವುದನ್ನು
ಹಿಂಬಾಗಿಲಲ್ಲಿ ನಿಂತು ಕೇಳಿದ.
ಮರಳಿದರೆ ಇಲ್ಲಿದ್ದವರು ಒಂಬತ್ತೇ ಜನ,
ಅದರಲ್ಲಿ ಇಬ್ಬರು ಊಟ ಬಡಿಸುವವರು,
ಹಾರ್ನ್ ಊದುವವನು ಕೇಕು ಬೇಯಿಸುವವನು.
ಉಕ್ಕುವುದೆಲ್ಲಿ ಬಂತು? ತಳ ಹತ್ತುತ್ತಿತ್ತು.
ಅಪ್ಪ ಎಲ್ಲರನ್ನೂ ಒಳಕೋಣೆಯಲ್ಲಿ ಕೂರಿಸಿದ,
ನಡುವಿನ ಮೂರು ಬಾಗಿಲು ಮುಚ್ಚಿಸಿದ,
ಒಂದೊಂದೇ ತೆರೆಯಲು ಆಳುಗಳಿಗೆ ಕಲಿಸಿದ.
ನೋಡಿ, ಈ ಹಾಳೆಯಲ್ಲಿ, ಕಟ್ಟಕಡೆಯ ಸಾಲಿನ ಕೆಳಗೆ:
‘ಬಾಗಿಲು ಒಂದು’. ಇಲ್ಲಿ ‘ಬಾಗಿಲು ಎರಡು, ಮೆಲ್ಲಗೆ’.
ಬಾಗಿಲಿಗೂ ಸ್ವರ ಬರೆದವನು.
ಅದನ್ನು ಯಾವ ಬಾಬ್ತಿಗೆ ಹಾಕುತ್ತೀರಿ?

ಎಪ್ಪತ್ತೊಂದರ ಬರ ನಿಮಗೆ ಗೊತ್ತಿರಲಿಕ್ಕಿಲ್ಲ, ಎಳೆಯರು.
ಹೊಟ್ಟೆಗಿಲ್ಲದ ಹಿಟ್ಟು ಜುಟ್ಟಿಗಿತ್ತು.
ಬೆಳ್ಳಗೆ ಬಳಿಯದ ವಿಗ್ಗು ತೊಟ್ಟವರು
ದೊರೆಯೆದುರು ನುಡಿಸಕೂಡದು, ಅದು ನಿಯಮ.
ರಾತ್ರಿ ಅಪ್ಪ ಬಂದೊಡನೆ ಅಮ್ಮ ಆ ವಿಗ್ಗನ್ನು
ಬೋಗುಣಿಯ ಮೇಲೆ ಹಿಡಿದು ತಟ್ಟುತ್ತಿದ್ದಳು.
ಗಂಜಿಯಾಗುತ್ತಿತ್ತು. ಕೂದಲೂ ಸಿಗುತ್ತಿತ್ತು.
ಆ ಚಳಿಗಾಲದ್ದು ಈ ಮಿನುಯೆಟ್.
ಎಷ್ಟು ಹಗುರ ನೋಡಿ, ಉಂಡು ತೇಗಿದವರು ಬರೆದ ಹಾಗೆ.
ತಮ್ಮ ಯೋಸ್ಟ್ ಆ ವಾರವೇ ಹೋದ.
ಅದು ಪಟ್ಟಿಗೆ ಬೇಡ.

ಇನ್ನು ಈ ಆರು ಕ್ವಾರ್ಟೆಟ್.
ನಗುತ್ತಿದ್ದೀರಿ; ಹಾಗಾದರೆ ನಿಮಗೆ ಓದಲು ಬರುತ್ತದೆ.
ಹೌದು, ಎರಡನೇ ಪಿಟೀಲಿಗೆ ನಾಲ್ಕೇ ಸ್ವರ.
ಅದು ದೊರೆಯ ಪಾಲು.
ದೊರೆ ಬೆರಳು ಎಲ್ಲಿಟ್ಟರೂ ಬೆಕ್ಕು ಅಳುತ್ತಿತ್ತು;
ಬೆರಳೇ ಇಡದ ಹಾಗೆ ಅಪ್ಪ ಬರೆದ,
ನಾಲ್ಕು ಬರಿ ತಂತಿ, ಮುಗಿಯಿತು.
ಉಳಿದ ಮೂವರು ಅವನ್ನು ಸುತ್ತಿ ಸುತ್ತಿ ಮೇಲೇರಿದರು,
ಅಜ್ಜನ ಹಿತ್ತಲ ಹಾಪ್ಸ್ ಬಳ್ಳಿ ಗಳುವಿಗೆ ಹಬ್ಬಿದ ಹಾಗೆ.
ಕೇಳಿದವರಿಗೆ ಗಳು ಕಾಣಲಿಲ್ಲ.
ದೊರೆಗೆ ಕಂಡಿತ್ತೇ? ನನಗೆ ಇವತ್ತಿಗೂ ತಿಳಿಯದು.
ಒಮ್ಮೆ ನುಡಿಸಿ ಮುಗಿದ ಮೇಲೆ
ಅಪ್ಪನ ಹೆಗಲ ಮೇಲೆ ಕೈಯಿಟ್ಟು
ಏನೂ ಹೇಳದೆ ಒಳಗೆ ಹೋದರಂತೆ.
ಆ ವರ್ಷ ಸೌದೆ ಎರಡು ಗಾಡಿ ಹೆಚ್ಚು ಬಂತು.

ತೂಕಕ್ಕೇ ಹಾಕುತ್ತೀರೇನು? ಆಗಲಿ.
ಹನ್ನೊಂದು ಪೌಂಡು, ಪೆಟ್ಟಿಗೆ ಸೇರಿ.
ಕಾಗದ ದಪ್ಪನೆಯದು, ಚೀಸು ಸುತ್ತಲು ಬರುತ್ತದೆ.
ಆದರೆ ಏಳುವ ಮುಂಚೆ ಈ ಪಿಟೀಲು ಹಿಡಿದುಕೊಳ್ಳಿ.
ಬರುವುದಿಲ್ಲವೇ?
ಬರದವರಿಗೆಂದೇ ಬರೆದದ್ದು ಇದು.
ಶಾಯಿ ಕೈಯಾದರೂ ಚಿಂತೆಯಿಲ್ಲ. ಗದ್ದ ಇಲ್ಲಿ, ಕಮಾನು ಹೀಗೆ.
ಅಪ್ಪನ ಪಾಲು ನಾನು ಗುನುಗುತ್ತೇನೆ,
ಮುಂದಿನ ಎರಡು ಹಲ್ಲು ಹೋಗಿವೆ, ಗಾಳಿ ನುಸುಳುತ್ತದೆ.
ಉಳಿದಿಬ್ಬರು ಸತ್ತಿದ್ದಾರೆ,
ಅವರಷ್ಟು ಜಾಗ ಬಿಟ್ಟುಕೊಂಡು ಕೂರೋಣ.

ಅಯ್ಯೋ, ಈಗಲೇ ಎಳೆಯಬೇಡಿ!
ದೊರೆಗೆ ಮೊದಲ ಏಳು ಆವರ್ತ ಸುಮ್ಮನಿರುವ ಕೆಲಸ.
ಇಡೀ ಆಯುಷ್ಯದಲ್ಲಿ ಅಪ್ಪ ದೊರೆಯನ್ನು ಕಾಯಿಸಿದ್ದು
ಇಲ್ಲಿ ಮಾತ್ರ.
ಎಣಿಸಿ. ಒಂದು...
ಅಲ್ಲ, ಇನ್ನೂ ನಿಧಾನ.