ಹತ್ತು ಮಿಲಿಮೀಟರು

ಜೂನ್ ತಿಂಗಳ ಎರಡನೇ ಶನಿವಾರ,
ರಾದರಮ್‌ನಲ್ಲಿ ಅಪರೂಪಕ್ಕೆ ಬಿಸಿಲು ಕಾದು
ನಮ್ಮ ಗಾಜಿನ ಕೋಣೆಯ ಹೊಸ ನೆಲ
ಬೆಕ್ಕಿನ ಹಾಗೆ ಬೆನ್ನೆತ್ತಿತು.

ರಾತ್ರಿ ಪಾಳಿ ಮುಗಿಸಿ ಬಂದವನು
ಬೂಟು ಬಿಚ್ಚದೆ ನಿಂತು ನೋಡಿದೆ:
ನಟ್ಟನಡುವೆ ಒಂದು ದಿಬ್ಬ.
ಇಂದುಮತಿ ಅದರ ಮೇಲೆ ಕಾಲಿಟ್ಟಳು,
ತೆಗೆದಳು, ಮತ್ತೆ ಇಟ್ಟಳು.
"ನಿಮ್ಮ ನೆಲ ಉಸಿರಾಡ್ತಿದೆ ನೋಡಿ."
ಮೂರು ಭಾನುವಾರ ಮಂಡಿ ಸವೆಸಿದವನಿಗೆ
ನಗು ಬರಲಿಲ್ಲ.

ತಪ್ಪು ನನ್ನದೇ.
ಕೂದಲೆಳೆಯಷ್ಟೂ ಸಂದು ಬಿಡದೆ
ಹಲಗೆಗಳನ್ನು ಗೋಡೆಗೆ ಅವುಚಿ ಕೂರಿಸಿದ್ದೆ.
ಕೆಲಸ ಅಂದರೆ ಹೀಗಿರಬೇಕು ಅಂತ
ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಪಕ್ಕದ ಮನೆಯ ನೆವಿಲ್ ಅಕ್ರಾಯ್ಡ್,
ನಲವತ್ತು ವರ್ಷ ಬಡಗಿ, ಎಡಗಿವಿ ಕೇಳಿಸದು,
ಬೇಲಿಯಾಚೆಯಿಂದಲೇ ಇಣುಕಿ
ಹೆಬ್ಬೆರಳು ತೋರುಬೆರಳುಗಳ ನಡುವೆ
ಒಂದಿಷ್ಟು ಗಾಳಿ ಹಿಡಿದು ತೋರಿಸಿದ.
ಹತ್ತು ಮಿಲಿಮೀಟರು. ಸುತ್ತಲೂ.
ಗಾಜಿನ ಕೋಣೆಯಲ್ಲವೇ, ಹನ್ನೆರಡು ಬಿಡು.

ಸುಖಕ್ಕೆ ಹಿಗ್ಗಬೇಡ, ದುಃಖಕ್ಕೆ ಕುಗ್ಗಬೇಡ
ಎಂದು ನಮ್ಮ ಮೇಷ್ಟ್ರು ಹೇಳಿದ್ದನ್ನು
ಈ ಹಲಗೆಗಳಿಗೆ ಯಾರೂ ಹೇಳಿಲ್ಲ.
ಬಿಸಿಲಿಗೆ ಹಿಗ್ಗುತ್ತವೆ, ಮಂಜಿಗೆ ಕುಗ್ಗುತ್ತವೆ,
ನಾಚಿಕೆಯಿಲ್ಲದೆ.

ಮರುದಿನ ಅವನು ತಂದದ್ದು
ಗರಗಸವಲ್ಲ, ಒಂದು ವಾಷರು.
ಬಿಲ್ಲೆಯಷ್ಟು ದಪ್ಪ, ತುಕ್ಕಿನ ಬಣ್ಣ.
ತೂತಿನಲ್ಲಿ ಪೆನ್ಸಿಲ್ ಮೊನೆ ಇಟ್ಟು
ಗೋಡೆಯುದ್ದಕ್ಕೂ ಉರುಳಿಸು, ಅಷ್ಟೆ.
ಗೋಡೆಯ ಜೊತೆ ವಾದ ಬೇಡ.

ದೂರದಿಂದ ಎಷ್ಟು ನೇರವಾಗಿತ್ತು ಆ ಗೋಡೆ!
ಮೊಣಕಾಲೆತ್ತರದ್ದು, ಮೇಲೆಲ್ಲ ಗಾಜು.
ವಾಷರು ಉರುಳಿದಂತೆ ಹಲಗೆಯ ಮೇಲೆ
ಅದರ ಗುಟ್ಟೆಲ್ಲ ಗೆರೆಯಾಗಿ ಬಂತು:
ಇಲ್ಲಿ ಉಬ್ಬು, ಇಲ್ಲಿ ತಗ್ಗು,
ಕಿಟಕಿಯ ಕೆಳಗೆ ಯಾವನೋ ಗಾರೆಯವನು
ಊಟದ ಹೊತ್ತಾಯಿತೆಂದು ಬಿಟ್ಟೆದ್ದ ಜಾಗ.

ಕೊಯ್ದೆ. ಧೂಳು ಹುಬ್ಬಿಗೆ, ಚಹಾಕ್ಕೆ, ಒಣಹಾಕಿದ ಬಟ್ಟೆಗೆ.
ದಿಬ್ಬ ಮೆಲ್ಲಗೆ, ಮುನಿಸು ಇಳಿದ ಹಾಗೆ
ತಾನಾಗಿ ಮಲಗಿತು.

ಆಮೇಲೆ ಸ್ಕರ್ಟಿಂಗ್. ನೆವಿಲ್ ಎರಡು ಸಲ ಹೇಳಿದ,
ಕೇಳಿಸದಿದ್ದವನು ನಾನು ಎಂಬಂತೆ:
ಅಂಟು ಗೋಡೆಯ ಕಡೆಗೆ ಮಾತ್ರ.
ನೆಲಕ್ಕೆ ಒಂದು ಹನಿಯೂ ತಾಗಬಾರದು.
ಪಟ್ಟಿ ಮೇಲೆ ಸುಮ್ಮನೆ ನಿಂತಿರಲಿ,
ನೆಲ ಅಡಿಯಲ್ಲಿ ತನ್ನ ಪಾಡಿಗೆ ಓಡಾಡಿಕೊಂಡಿರಲಿ.

ಬಾಗಿಲಲ್ಲಿ ಒರಗಿ ನಿಂತಿದ್ದಳು ಇಂದುಮತಿ.
ಹನ್ನೊಂದು ವರ್ಷದಿಂದ ಪೇಟೆಯ ಅಂಗಡಿಯಲ್ಲಿ
ಊರವರ ಪ್ಯಾಂಟುಗಳ ಅಂಚು ಮಡಿಚುವವಳು.
"ಹೊಲಿಗೆಯಲ್ಲೂ ಒಳಗೆ ಬಟ್ಟೆ ಬಿಡ್ತೀವಿ.
ಬಿಗಿ ಹಿಡಿದರೆ, ಕೈ ಎತ್ತಿದಾಗ
ಕಂಕುಳಲ್ಲಿ ಹರಿಯುತ್ತೆ."
ಮೊದಲೇ ಹೇಳಬಾರದಿತ್ತಾ?
"ಕೇಳಿದಿರಾ?"

ಅಲ್ಲಿಗೆ ಆ ಮಾತು ನಿಂತಿತು.
ಮೂಲೆಗೆ ಬಳಿಯುವ ಬಿಳಿ ಮೇಣದ ಕೊಳವೆಯನ್ನು
ನನ್ನ ಕೈಯಿಂದ ತೆಗೆದುಕೊಂಡು
ಒದ್ದೆ ಬೆರಳಲ್ಲಿ ಒಂದೇ ಎಳೆತಕ್ಕೆ
ನಯವಾಗಿ ಸವರಿದಳು. ನಾನು ಸವರಿದ ಮೂಲೆ
ಇವತ್ತಿಗೂ ಮೊಸರು ಚೆಲ್ಲಿದ ಹಾಗಿದೆ.

ಈಗ ನವೆಂಬರ್. ನಡುರಾತ್ರಿ ನೆಲ
ಎಲ್ಲೋ ಒಂದು ಕಡೆ ಟಕ್ ಅನ್ನುತ್ತದೆ,
ಮಗ್ಗುಲು ಬದಲಿಸಿದವರ ಹಾಗೆ.
ವಾಷರು ಹಿಂದಿರುಗಿಸಲು ಹೋದರೆ ನೆವಿಲ್
ಕೇಳಿಸದ ಕಿವಿಯನ್ನು ನನ್ನ ಕಡೆ ತಿರುಗಿಸಿದ.
ವಾರ್ಡಿನಲ್ಲಿ, ಜೇಬಿನೊಳಗೆ,
ಬೀಗದ ಕೈಗಳಿಗೆ ತಾಗಿ ಕಿಣಿಗುಟ್ಟುತ್ತದೆ ಅದು.

ಪಟ್ಟಿ ಸಾಲದೆ ಬಾಗಿಲ ಹಿಂದೆ
ಒಂದು ಗೇಣು ಇನ್ನೂ ಬಾಕಿ.
ಸಂದು ಅಲ್ಲಿ ಬರಿಗಣ್ಣಿಗೆ ಕಾಣುತ್ತದೆ.
ಮುಚ್ಚೋಣ ಎಂದು ನಾನು ಅನ್ನುತ್ತಲೇ ಇದ್ದೇನೆ.
ಮನೆಗೆ ಬಂದವರಿಗೆ ಇಂದುಮತಿ
ಮೊದಲು ತೋರಿಸುವುದು ಅದನ್ನೇ.