ಆಮೆಯ ಬೆನ್ನು ಒದ್ದೆ

ಡಂಡೀ ಊರಿನ ಮ್ಯೂಸಿಯಮ್ಮಿನ ಕೆಳಗೆ, ಬಾಯ್ಲರಿನ ಪಕ್ಕ,
ಹನ್ನೊಂದು ಅಡಿ ಎತ್ತರದ ಬಾಗಿಲೊಂದು
ಗೋಡೆಗೆ ಒರಗಿ ನಿಂತಿದೆ.
ತೆರೆಯುವುದಿಲ್ಲ. ಹಿಂದೆ ಗರ್ಭಗುಡಿಯಿಲ್ಲ,
ಮಡಚಿಟ್ಟ ಕುರ್ಚಿಗಳಿವೆ, ಒಂದು ಹಳೆಯ ಕ್ರಿಸ್‌ಮಸ್ ಮರ.

ಕಲ್ಲಲ್ಲ ಇದು, ಗಾರೆ.
ಧೌಲಾಧಾರದ ಬೆನ್ನ ಮೇಲೆ,
ದೇವದಾರುಗಳೂ ಸೋತು ನಿಲ್ಲುವ ಎತ್ತರದಲ್ಲಿ
ಇದ್ದ ಗುಡಿಯೊಂದರ ಬಾಗಿಲುವಾಡದ ಅಚ್ಚು.
ಸರ್ವೆಯವರು ಬಂದು, ಮಣ್ಣು ಮೆತ್ತಿ,
ಮುಖ ಇಳಿಸಿಕೊಂಡು ಹೋದ ಇಪ್ಪತ್ತನೆಯ ವರ್ಷ
ನೆಲ ಮಗ್ಗುಲು ಬದಲಿಸಿತು. ಗುಡಿ ಕಣಿವೆ ಸೇರಿತು.
ಮರ ಹೋಗಿ ನೆರಳು ಉಳಿಯಿತು.

ನನ್ನ ಕೆಲಸ ನೆರಳಿನ ಧೂಳು ಒರೆಸುವುದು.
ಮೆತ್ತನೆ ಕುಂಚ, ಹತ್ತಿಯುಂಡೆ, ಬಟ್ಟಿಯಿಳಿಸಿದ ನೀರು.

ಎಡಕ್ಕೆ ಮೊಸಳೆಯ ಮೇಲೆ ಗಂಗೆ,
ಬಲಕ್ಕೆ ಆಮೆಯ ಮೇಲೆ ಯಮುನೆ,
ನಡುವೆ ಬಳ್ಳಿಯೊಳಗೆ ಬಳ್ಳಿ, ಬಳ್ಳಿಯೊಳಗೆ ಹಂಸ,
ಹಂಸದ ಬಾಲವೇ ಮತ್ತೆ ಬಳ್ಳಿ;
ಎಲ್ಲಿ ಹಕ್ಕಿ ಮುಗಿದು ಎಲ್ಲಿ ಎಲೆ ಶುರುವೆಂದು
ಕೆತ್ತಿದವನಿಗೂ ಗೊತ್ತಿರಲಿಕ್ಕಿಲ್ಲ.
ಮೇಲೆ ಕೀರ್ತಿಮುಖ, ಕೆಳದವಡೆಯಿಲ್ಲದೆ
ಬಾಯ್ಲರಿನ ಬಿಸಿಯನ್ನೇ ನುಂಗುತ್ತ ಕೂತಿದೆ.

ಸರ್ವೆಯವನ ಚೀಟಿ ಕಪಾಟಿನಲ್ಲಿದೆ, ಕಂದು ಶಾಯಿ:
‘ಗುಡಿಗೆ ಗಂಟೆಯಿಲ್ಲ. ಸ್ಥಳೀಯರದೊಂದು ಕಟ್ಟುಕತೆ.’
ಅಷ್ಟೆ. ಕತೆ ಬರೆದಿಲ್ಲ ಪುಣ್ಯಾತ್ಮ.
ಮರುಪುಟದಲ್ಲಿ ಅಳತೆಗಳು, ಹೇಸರಗತ್ತೆಯ ಬಾಡಿಗೆ.

ಕತೆ ಸಿಕ್ಕಿದ್ದು ಪರ್ತ್ ರಸ್ತೆಯ ಅಂಗಡಿಯಲ್ಲಿ,
ಚಂಬಾ ಕಡೆಯ ಮುದುಕಿ ಬ್ರೆಸ್ತೀ ಬೇಳೆ ತೂಗುತ್ತ ಹೇಳಿದ್ದು:
ಒಂದು ಚಳಿಗಾಲ ದೇವಿಯೇ ಹಿಮವಾಗಿ ಕುಸಿದು ಬಂದಳಂತೆ,
ಊರಿಗೂರೇ ನುಂಗುವ ಹಸಿವು.
ಹೊಸ್ತಿಲ ಮೇಲೆ ಬಾಣಂತಿಯೊಬ್ಬಳು
ಮೂರು ರಾತ್ರಿ ನಿದ್ದೆಗೆಟ್ಟು ಆಗತಾನೆ ಕಣ್ಣು ಮುಚ್ಚಿದ್ದಳು,
ಎದೆಯ ಮೇಲೆ ಕೂಸು.
ದೇವಿ ತುದಿಗಾಲಲ್ಲಿ ನಿಂತಳು.
ಎಬ್ಬಿಸಬೇಡ ಎಂದಳು, ಬೆನ್ನ ಹಿಂದಿನ ಬೆಟ್ಟಕ್ಕೆ.
ಅಂದಿನಿಂದ ಅಲ್ಲಿ ಗಂಟೆ ಬಾರಿಸರು.
ತಾಯಿ ಎದ್ದಾಳೆಂದಲ್ಲ, ಹಿಮ ಎದ್ದೀತೆಂದು.

ಆಮೆಗೂ ಒಂದು ಕತೆ:
ವರ್ಷಕ್ಕೊಂದು ರಾತ್ರಿ ಯಮುನೆಯನ್ನು ಮೆಲ್ಲಗೆ ಕೆಳಗಿಳಿಸಿ
ತೊರೆಗೆ ಹೋಗಿ ಬರುತ್ತದೆ.
ಬೆಳಿಗ್ಗೆ ಮುಟ್ಟಿ ನೋಡಿದರೆ ಬೆನ್ನು ಒದ್ದೆ.

ಆ ಬಾಗಿಲು ಇನ್ನೂ ಇದೆಯಾ? ಬ್ರೆಸ್ತೀ ಕೇಳಿದಳು.
ಇದೆ ಎಂದೆ. ಇಲ್ಲ ಎಂದಿದ್ದರೂ ನಿಜವೇ.

ಫೆಬ್ರವರಿಯಲ್ಲಿ ಅಚ್ಚನ್ನು ತಿರುಗಿಸಿದೆವು,
ನಾನು, ಐಲ್ಸಾ, ನಾಲ್ಕು ಜನ ಹಮಾಲರು.
ಬೆನ್ನಿಗೆ ಸೆಣಬಿನ ಪಟ್ಟಿ. ಐಲ್ಸಾ ಬಗ್ಗಿ ಮೂಸಿದಳು:
ಗಿರಣಿಯಿಂದ ಬಂದ ನಮ್ಮಜ್ಜಿಯ ವಾಸನೆ ಇದು.
ಪಟ್ಟಿಯ ಅಂಚಿಗೆ, ಗಾರೆ ಹಸಿಯಿದ್ದಾಗ
ಕಡ್ಡಿಯಲ್ಲೋ ಉಗುರಲ್ಲೋ ಗೀಚಿದ ಗೆರೆಗಳು.
ಬಿರುಕು ಎಂದು ಗುರುತು ಹಾಕಲು
ಅವಳು ಸೀಮೆಸುಣ್ಣ ಎತ್ತಿದಳು. ನಾನು ಕೈ ಹಿಡಿದೆ.

‘ಉಪ್ಪಾರ ಸಣ್ಣೀರ. ಬಾಳ ಚಳಿ.’

ಯಾವ ಸೀಮೆಯವನೋ, ಡೇರೆಗಳ ಹಿಂದೆ ಹಿಂದೆ
ಸುಣ್ಣ ಕಲಸುತ್ತ ಆ ಎತ್ತರ ಹತ್ತಿದವ.
ಹೆಪ್ಪುಗಟ್ಟುವ ಗಾರೆಗೆ ಉಸಿರು ಊದಿ ಊದಿ
ಗಂಗೆಯ ಮೂಗು, ಮೊಸಳೆಯ ಹಲ್ಲು,
ಹಂಸದ ಒಂದೊಂದೇ ಗರಿ ಇಳಿಸಿಕೊಂಡವ.
ಚೀಟಿಯಲ್ಲಿ ಹೇಸರಗತ್ತೆಯ ಲೆಕ್ಕವಿದೆ. ಇವನದಿಲ್ಲ.

ಏನಂತೆ? ಐಲ್ಸಾ ಕೇಳಿದಳು.
ಬಾಳ ಚಳಿಯಂತೆ, ಎಂದೆ.
ಅವಳು ಹೋಗಿ ಚಹಾ ಮಾಡಿ ತಂದಳು,
ಯಾಕೋ ಮೂರು ಲೋಟ.

ನಿನ್ನೆ ಟೇ ನದಿಯಿಂದ ಮಂಜು ಮೆಟ್ಟಿಲ ತನಕ ಬಂದಿತ್ತು.
ಬೆಳಿಗ್ಗೆ ಬೀಗ ತೆಗೆದರೆ ಆಮೆಯ ಬೆನ್ನು ಒದ್ದೆ.
ಕೊಳವೆ ಸೋರುತ್ತಿದೆ, ಪ್ಲಂಬರಿಗೆ ಫೋನು ಮಾಡು, ಅಂದಳು ಐಲ್ಸಾ.
ಮಾಡಿದೆ. ಗಾರೆಗೆ ನೀರು ಒಳ್ಳೆಯದಲ್ಲ.
ಆ ಕಡೆಯವನು ಮೂರು ಸಲ ಕೇಳಿದ:
ಏನಂದಿರಿ? ಸ್ವಲ್ಪ ಜೋರಾಗಿ ಹೇಳಿ.