ತೇಮಾನು

ಭಾಗ್ಯನಗರ. ರೈಲ್ವೆ ಗೇಟು ದಾಟಿ ಮೂರನೇ ತಗಡಿನ ಶೆಡ್ಡು.
ಒಳಗೆ ಫ್ಯಾನು ಹಾಕುವಂತಿಲ್ಲ, ಹಾರಿಹೋಗುತ್ತದೆ ಬಂಡವಾಳ.
ಮೇ ತಿಂಗಳು. ಹದಿನಾಲ್ಕು ಹೆಂಗಸರು, ಹದಿನಾಲ್ಕು ದಬ್ಬಣ,
ನಡುವೆ ಗುಡ್ಡೆ ಗುಡ್ಡೆ ಸಿಕ್ಕುಗೂದಲು:
ಬಾಚಣಿಕೆಯಿಂದ ಬಿಡಿಸಿ, ಥೂ ಎಂದು ಉಗುಳಿ, ಸುತ್ತಿ,
ಜಂತಿಯ ಸಂದಿಗೆ ಸಿಕ್ಕಿಸಿಟ್ಟದ್ದು,
ಪಿನ್ನಿಗೆ, ಪುಗ್ಗೆಗೆ, ಒಂದು ಸ್ಟೀಲು ಬಟ್ಟಲಿಗೆ
ಯಾರ್ಯಾರೋ ಯಾವ್ಯಾವ ಊರಲ್ಲೋ ಕೊಟ್ಟು ಮರೆತದ್ದು.

ಫೆಲೋಶಿಪ್ಪಿನ ದುಡ್ಡು ಬಾರದೆ ಐದು ತಿಂಗಳು.
ದೊಡ್ಡವ್ವ ಏನೂ ಕೇಳಲಿಲ್ಲ; ಒಂದು ದಬ್ಬಣ ಕೊಟ್ಟಳು.
ಕಿಲೋಕ್ಕೆ ಇಷ್ಟು, ಚಹಾದ್ದು ಮುರಕೊಂಡು.

"ಏನ್ ಓದಾಕತ್ತೀಯವ್ವ, ಇಷ್ಟು ವರ್ಷ?"
ಹುಲಿಗೆವ್ವ ಕೇಳಿದಳು, ಕೈ ನಿಲ್ಲಿಸದೆ.
ಕಪ್ಪುಕುಳಿ, ಅಂದೆ. ಬಿದ್ದದ್ದು ಹೊರಗೆ ಬಾರದ ಜಾಗ.
ನಕ್ಷತ್ರ ಬೀಳಲಿ, ನೀರೊಲೆಯ ಹಂಡೆ ಬೀಳಲಿ,
ಹೊರಗಿನವರಿಗೆ ತಿಳಿಯುವುದು ಮೂರೇ ಅಂಕಿ:
ತೂಕ, ತಿರುಗು, ವಿದ್ಯುತ್ತು.
ಉಳಿದ ಗುರುತೆಲ್ಲ ಬೋಳು. ಅದಕ್ಕೇ ನಮ್ಮ ಮಂದಿ
ಕಪ್ಪುಕುಳಿಗೆ ಕೂದಲಿಲ್ಲ ಅಂತಾರೆ.

ಶೆಡ್ಡು ಒಂದು ಗಳಿಗೆ ಸುಮ್ಮನಾಯಿತು.
"ಕೂದ್ಲಿಲ್ಲಾ?" ಎಲೆಅಡಿಕೆ ಆ ದವಡೆಗೆ ಸರಿಸಿ ದೊಡ್ಡವ್ವ,
"ಹಂಗಾರ ಚಲೋ ಗಿರಾಕಿ ಅದು. ತಲಿ ಅಳತಿ ತಗೊಂಬಾ.
ಮುಂಗಡ ಇಸಕೊಳ್ಳೂದು ಮರೀಬ್ಯಾಡ."
ಮರ್ದಾನಬಿ ನಕ್ಕ ರಭಸಕ್ಕೆ ಕೈಯ ಎಳೆ ಹರಿಯಿತು.

ನಾನೂ ನಕ್ಕೆ. ಆಮೇಲೆ ಗೋಡೆ ನೋಡಿದೆ.
ಒರಗಿಸಿಟ್ಟ ಪೆಟ್ಟಿಗೆಗಳ ಮೇಲೆ ಸ್ಕೆಚ್ ಪೆನ್ನಿನ ಬರಹ:
ಎಂಟಿಂಚು, ಕರಿ, ಹನ್ನೆರಡು ಕಿಲೋ.
ಹದಿನಾರಿಂಚು, ಕೆಂಚು, ನಾಲ್ಕೂವರೆ.
ಇಲ್ಲೂ ಮೂರೇ.
ಒಳಗೆ ಬಿದ್ದ ತಲೆಗಳ ಹೆಸರು ಎಲ್ಲೂ ಇಲ್ಲ.

ನನ್ನ ಮೂರು ವರ್ಷ ಹೋದದ್ದು ಇದಕ್ಕೇ:
ಬಿದ್ದದ್ದರ ಲೆಕ್ಕ ಅಂಚಿನಲ್ಲಾದರೂ ಉಳಿದೀತೆ?
ಕೆಲವರು ಉಂಟು ಅಂತಾರೆ. ಮೆತ್ತನೆ ಕೂದಲಂತೆ,
ಎತ್ತಿದರೆ ತೂಕವೇ ಇಲ್ಲವಂತೆ.
ನನ್ನ ಸಮೀಕರಣ ಕೂಡುವುದಿಲ್ಲ.
ಪತ್ರಿಕೆಯವರು ಎರಡು ಸಲ ವಾಪಸು ಕಳಿಸಿದರು,
ಗೈಡು "ನೋಡೋಣ" ಅಂದ ಮೇಲೆ
ಸಂಕ್ರಾಂತಿ ಹೋಯಿತು, ಯುಗಾದಿ ಹೋಯಿತು.

ದೊಡ್ಡವ್ವನ ಕೆಂಪು ಖಾತೆಯಲ್ಲಿ "ನೋಡೋಣ" ಇಲ್ಲ.
ಕಿಲೋ ಸಿಕ್ಕು ಬಿಡಿಸಿದರೆ ಆರುನೂರು ಗ್ರಾಂ ನೆಟ್ಟಗಾಗುತ್ತದೆ.
ನಾನೂರು? ತೇಮಾನು. ಅದಕ್ಕೂ ಒಂದು ಕಾಲಮು:
ದೂಳು ಎಷ್ಟು, ನೆರೆತದ್ದೆಷ್ಟು, ಸೀರು ಹತ್ತಿದ್ದೆಷ್ಟು,
ಚೆನ್ನೈ ಸೇಟು ತಕ್ಕಡಿಯಲ್ಲಿ ನುಂಗಿದ್ದೆಷ್ಟು.
"ಹೋತು ಅಂತ ಬರೀಬಾರ್ದವ್ವ.
ಎಲ್ಲಿ ಹೋತು ಅಂತ ಬರೀಬೇಕು."

ಮೂರಕ್ಕೆ ಕರೆಂಟು ಹೋಯಿತು.
ಬಾಗಿಲ ಬೆಳಕಿಗೆ ಹೊರಳಿ ಹುಲಿಗೆವ್ವ
ಒಂದೆಳೆಯನ್ನು ಬೆರಳಲ್ಲಿ ಓಡಿಸಿದಳು, ಬುಡದಿಂದ ತುದಿಗೆ.
"ಇಲ್ಲಿ ಸಣ್ಣಾಗೇತಿ ನೋಡು. ಜ್ವರಾ ಬಂದಿತ್ತು ಈಕಿಗೆ,
ಇಲ್ಲಾ ಬಾಣಂತಿ ಇದ್ಲು. ಆಮ್ಯಾಲ ಚೇತರಿಸ್ಯಾಳ."
ಎಳೆ ಎಂಟಿಂಚಿನ ಕಟ್ಟಿಗೆ ಹೋಯಿತು.

ನನ್ನ ನೋಟುಬುಕ್ಕಿನ ನಲವತ್ತೊಂದನೇ ಪುಟದಲ್ಲಿ
ಅಂಚಿನ ಒಂದು ಪದ,
ಸೊನ್ನೆಗೆ ಹತ್ತಿರ ಅಂತ ಬಿಟ್ಟಿದ್ದೆ.
ಎಲ್ಲರೂ ಬಿಡುತ್ತಾರೆ.
ಬಿಲ್ ಬುಕ್ಕಿನ ಹಾಳೆ ಹರಿದು, ಹಿಂಬದಿಯಲ್ಲಿ
ಅದನ್ನು ಮತ್ತೆ ಬರೆದುಕೊಂಡೆ.
ಇನ್ನೂ ಬಿಡಿಸಿಲ್ಲ. ಬಿಡಿಸಿದರೂ
ಏನೂ ಸಿಗದಿರಬಹುದು.

ಸಂಜೆ ಕಸಬರಿಗೆ. ನೆಲದ್ದನ್ನೂ ಬಳಿದು ಚೀಲಕ್ಕೆ;
ಗೊಬ್ಬರದವ ಒಯ್ಯುತ್ತಾನೆ, ಕಿಲೋಕ್ಕೆ ಹನ್ನೊಂದು.
ದೊಡ್ಡವ್ವ ನನ್ನ ಕೂಲಿ ಎಣಿಸಿದಳು. ಎರಡು ನೂರಾ ಹತ್ತು.
ಚಹಾ ಎರಡು ಮುರಕೊಂಡಳು,
ಬಿಲ್ ಬುಕ್ಕಿನ ಹಾಳೆ ಒಂದು, ಅದನ್ನೂ.

ಹೊಸ್ತಿಲಲ್ಲಿ ಸೆರಗು ಕೊಡವಿದೆ.
"ತಡಿ," ಅಂದಳು ಹುಲಿಗೆವ್ವ. ನನ್ನ ಭುಜದಿಂದ ಒಂದೆಳೆ ಹೆಕ್ಕಿ
ಉಳಿದಷ್ಟು ಬೆಳಕಿಗೆ ಹಿಡಿದಳು.
"ಯಾರದಿದು?
ನಿದ್ದಿಗೆಟ್ಟಾಳ."